ಮೇಲಿನ ಸಾಲಿನ ಆರು ಹಲ್ಲು

ಆ ಹಲ್ಲಿನ ಅಂಚಿನಲ್ಲಿ ಅರ್ಧ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆಯೊಂದು ಇರಬೇಕಿತ್ತು. ಸರಿಯಾಗಿ ನಡುವೆ ಅಲ್ಲ, ಸ್ವಲ್ಪ ಎಡಕ್ಕೆ. ಚುಕ್ಕೆಯ ಸುತ್ತ ಗೆರೆ ಎಳೆದಂತೆ ಕಾಣಬಾರದು, ನೀರಿಗೆ ಬಿದ್ದ ಹಾಲಿನ ಹನಿಯಂತೆ ಕದಡಿಕೊಂಡಿರಬೇಕು. ಇಂಗ್ಲೆಂಡಿನ ದಂತವೈದ್ಯರೊಬ್ಬರು ಬರೆದು ಕಳಿಸಿದ್ದ ಸೂಚನೆ ಅದು. ಅವರ ರೋಗಿಯ ಮುರಿದ ಹಲ್ಲಿನ ಪಕ್ಕದ ಹಲ್ಲಿನಲ್ಲಿ ಅಂಥದೊಂದು ಚುಕ್ಕೆ ಇದೆಯಂತೆ. ಕಟ್ಟಿಸಿಕೊಳ್ಳುವ ಹಲ್ಲಿನಲ್ಲಿಯೂ ಅದು ಇಲ್ಲದಿದ್ದರೆ ನೋಡಿದವರಿಗೆ ಗೊತ್ತಾಗಿಬಿಡುತ್ತದಂತೆ.

ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ದಿನ ನನ್ನ ಮೇಜಿಗೆ ಬಂದ ಮೊದಲ ಕಾಗದ ಇದು. ಓದಿ ಮುಗಿಸಿ, ನಾಲಿಗೆಯ ತುದಿಯಿಂದ ನನ್ನ ಹಲ್ಲುಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ. ಹಣ ಕೊಟ್ಟು ಹಲ್ಲಿಗೆ ಕಲೆ ಹಾಕಿಸಿಕೊಳ್ಳುವವರು ಲೋಕದಲ್ಲಿ ಇದ್ದಾರೆಂದು ನನಗೆ ಅಂದಿನವರೆಗೆ ತಿಳಿದಿರಲಿಲ್ಲ.

ನಮ್ಮ ಕಡೆಯ ಓದುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಶಹಾಪುರದಿಂದ ಒಳಕ್ಕಿರುವ ನಮ್ಮ ಊರಿನಲ್ಲಿ ಬೋರಿನ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆಲ್ಲ ಅಡ್ಡಡ್ಡ ಕಂದು ಗೆರೆಗಳಿವೆ. ನೀರಿನಲ್ಲಿ ಫ್ಲೋರೈಡ್ ಇದೆಯೆಂದು ಯಾರೋ ಬಂದು ಪಂಪಿಗೆ ಕೆಂಪು ಬಣ್ಣ ಬಳಿದು ಹೋದರು. ಬೇರೆ ಪಂಪು ಇರಲಿಲ್ಲ, ಅದೇ ನೀರನ್ನು ಕುಡಿದೆವು. ಊರಿನಲ್ಲಿ ಯಾರೂ ಯಾರ ಹಲ್ಲನ್ನೂ ನೋಡುತ್ತಿರಲಿಲ್ಲ. ಕಲಬುರಗಿಯ ಹಾಸ್ಟೆಲ್ಲಿನಲ್ಲಿ ಅರ್ಧಕ್ಕರ್ಧ ಹುಡುಗಿಯರು ಹಾಗೇ ಇದ್ದರು. ಇಂಗ್ಲಿಷ್ ಎಂ.ಎ. ಮುಗಿಸುವವರೆಗೆ ನಾನು ಬಾಯಿ ತೆರೆದೇ ನಗುತ್ತಿದ್ದೆ.

ನನ್ನ ಬಾಯಿಯನ್ನು ಮೊದಲು ನೋಡಿದ್ದು ಕೆ.ಆರ್. ಪುರದ ಒಬ್ಬ ಮನೆಯೊಡತಿ. ಕೋಣೆ ಬಾಡಿಗೆಗೆ ಇದೆಯೆಂಬ ಬೋರ್ಡು ನೋಡಿ ಹೋಗಿದ್ದೆ. ಊರು, ಜಾತಿ, ಕೆಲಸ, ಅಡುಗೆಯಲ್ಲಿ ಏನೇನು ತಿನ್ನುತ್ತೇನೆ, ಎಲ್ಲ ವಿಚಾರಿಸಿದರು. ಎಲ್ಲಕ್ಕೂ ಉತ್ತರ ಕೊಟ್ಟೆ. ಕೊನೆಗೆ ಅವರು ಕೇಳಿದರು:

"ಗುಟ್ಕಾ ಹಾಕ್ತೀಯೇನಮ್ಮ?"

ಇಲ್ಲ ಎಂದೆ.

"ಮತ್ತೆ ಹಲ್ಲು ಹಂಗ್ಯಾಕಿದೆ? ಸುಳ್ಳು ಹೇಳ್ಬೇಡ. ಮೆಟ್ಟಿಲ ಮೇಲೆಲ್ಲಾ ಉಗಿದ್ರೆ ಆಮೇಲೆ ನಾವು ತಾನೇ ತೊಳೀಬೇಕು."

ನೀರಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಕೋಣೆ ನಿನ್ನೆಯೇ ಹೋಯಿತು, ಬೋರ್ಡು ತೆಗೆಯಲು ಮರೆತಿದ್ದೇವೆ ಎಂದರು. ನಾನು ಗೇಟು ದಾಟುವಾಗಲೂ ಬೋರ್ಡು ಅಲ್ಲೇ ಇತ್ತು.

ಇಂಥ ಮೂರು ನಾಲ್ಕು ಮನೆಗಳ ನಂತರ ಬಾಯಿ ಮುಚ್ಚಿಕೊಂಡು ಮಾತನಾಡುವುದನ್ನು ಕಲಿತೆ. ತುಟಿಯನ್ನು ಹಲ್ಲಿಗೆ ಒತ್ತಿಕೊಂಡರೆ ಮಾತು ಸ್ವಲ್ಪ ಮೆಲ್ಲಗೆ, ಸ್ವಲ್ಪ ಗಂಭೀರವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಅದಕ್ಕೆ ಮರ್ಯಾದೆ ಹೆಚ್ಚು. 'ತುಂಬಾ ಡೀಸೆಂಟ್ ಹುಡುಗಿ' ಎಂದು ನನ್ನ ಬಗ್ಗೆ ಹೇಳುವುದನ್ನು ಆಮೇಲೆ ಕೇಳಿಸಿಕೊಂಡೆ.

ಕೋಣೆ ಕೊನೆಗೆ ಸಿಕ್ಕಿದ್ದು ರೇಣಕ್ಕನಿಂದ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹಿಂದೆ, ರೈಲು ಹಳಿಯ ಕಡೆಗೆ ಹೋಗುವ ಓಣಿಯಲ್ಲಿ ಒಂದು ವಠಾರವಿದೆ. ಕಟ್ಟಡ ಕೆಲಸಕ್ಕೆ ಬಂದ ನಮ್ಮ ಕಡೆಯ ಸಂಸಾರಗಳೇ ಅಲ್ಲಿ ಹೆಚ್ಚು. ನಾನು ಕೆಲಸಕ್ಕೆ ಸೇರಿದ ಹಲ್ಲಿನ ಲ್ಯಾಬಿನಲ್ಲೇ ರೇಣಕ್ಕನೂ ಕೆಲಸ ಮಾಡುತ್ತಿದ್ದಳು. ನನಗಿಂತ ಏಳೆಂಟು ವರ್ಷ ದೊಡ್ಡವಳು, ಮಾನ್ವಿ ಕಡೆಯವಳು, ಗಂಡನನ್ನು ಬಿಟ್ಟು ಬಂದವಳು. ಕೆಲಸಕ್ಕೆ ಸೇರಿದ ವಾರದಲ್ಲೇ ಊಟದ ಹೊತ್ತಿನಲ್ಲಿ ನನ್ನೆದುರು ಬಂದು ಕುಳಿತು, ಪೀಠಿಕೆಯಿಲ್ಲದೆ ಕೇಳಿದಳು: "ಯಾವ ಊರ ನೀರು ತಂಗಿ ನಿಂದು?" ಅವಳ ಹಲ್ಲಿನಲ್ಲಿಯೂ ಅವೇ ಗೆರೆಗಳು. ಅಂದು ಸಂಜೆಯೇ ನನ್ನ ಪೆಟ್ಟಿಗೆ ಅವಳ ಕೋಣೆ ಸೇರಿತು.

ಊರಿಗೂ ಬೆಂಗಳೂರಿಗೂ ನನಗೆ ಮೊದಲು ಕಂಡ ವ್ಯತ್ಯಾಸ ನೀರೇ. ಇಲ್ಲಿ ನೀರು ನೀಲಿ ಕ್ಯಾನಿನಲ್ಲಿ ಬರುತ್ತದೆ. ಆ ನೀರಿಗೆ ಯಾವ ರುಚಿಯೂ ಇಲ್ಲ, ಚಹಾ ಮಾಡಿದರೂ ಚಹಾ ಅನ್ನಿಸುವುದಿಲ್ಲ. ಹಾಗೆಂದು ಊರಿಗೆ ಫೋನು ಮಾಡಿ ಹೇಳಿದಾಗ ಅವ್ವ ನಕ್ಕಳು. ಇನ್ನೊಂದು, ಇಲ್ಲಿ ಯಾರಿಗೂ ಒಂದೇ ಭಾಷೆ ಸಾಲುವುದಿಲ್ಲ. ಹಲಸೂರಿನ ಮೆಟ್ರೊ ಇಳಿದು ಲ್ಯಾಬಿನವರೆಗೆ ನಡೆಯುವಷ್ಟರಲ್ಲಿ ಹೂವಿನವಳ ತಮಿಳು, ಆಟೊದವರ ಉರ್ದು, ಅಂಗಡಿಯವರ ಅರ್ಧ ಕನ್ನಡ ಅರ್ಧ ಇಂಗ್ಲಿಷು ಕಿವಿಗೆ ಬಿದ್ದಿರುತ್ತದೆ. ನಾನು 'ಹ್ಯಾಂಗ', 'ಯಾಕ್ರಿ' ಎಂದರೆ ಮಾತ್ರ ಎಲ್ಲರೂ ತಿರುಗಿ ನೋಡುತ್ತಾರೆ. ಕನ್ನಡದವಳಾಗಿ ಕನ್ನಡದಲ್ಲಿ ಪರದೇಶಿ ಆಗುವುದು ಹೇಗೆಂದು ಇಲ್ಲಿ ತಿಳಿಯಿತು.

ಲ್ಯಾಬು ಎಂದರೆ ರಕ್ತ ಪರೀಕ್ಷೆಯ ಲ್ಯಾಬಲ್ಲ. ಹೊರದೇಶದ ದಂತವೈದ್ಯರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇಲ್ಲಿ ಸೆರಾಮಿಕ್ ಹಲ್ಲು ತಯಾರಾಗಿ ವಾಪಸು ಹೋಗುತ್ತದೆ. ಹಲಸೂರಿನಲ್ಲಿ ಒಂದು ಪಾತ್ರೆ ಅಂಗಡಿಯ ಮೇಲಿನ ಎರಡು ಮಹಡಿ. ಕೆಳಗೆ ನಾವು ಮೂರು ಜನ ಕಂಪ್ಯೂಟರಿನವರು, ಮೇಲೆ ಸೆರಾಮಿಕ್ ರೂಮು. ಅಲ್ಲಿ ಹೆಂಗಸರು ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದ ತುದಿಯಲ್ಲಿ ಹಲ್ಲು ಕಟ್ಟಿ, ಸಣ್ಣ ಕುಲುಮೆಯಲ್ಲಿ ಸುಡುತ್ತಿದ್ದರು. ಆ ರೂಮಿನ ಹಿರಿಯರು ಶಿವಾಜಿನಗರದ ನಯೀಮ್ ಭಾಯಿ. ರೇಣಕ್ಕನಿಗೆ ಕುಂಚ ಹಿಡಿಯಲು ಕಲಿಸಿದವರು ಅವರೇ.

ವೈದ್ಯರ ಇಂಗ್ಲಿಷನ್ನು ಓದಿ ಸೆರಾಮಿಕ್ ರೂಮಿಗೆ ಕನ್ನಡದಲ್ಲಿ ಚೀಟಿ ಬರೆಯುವುದು ನನ್ನ ಕೆಲಸ. ಹಲ್ಲಿನ ಬಣ್ಣಕ್ಕೆ ಕಂಪನಿಗಳ ಸಂಕೇತಗಳಿವೆ, ಒಂದು ಅಕ್ಷರ, ಒಂದು ಅಂಕಿ. ಮೇಲಿನ ರೂಮಿನಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಅವರಿಗೆ ಗಂಜಿ ಬಣ್ಣ, ಜೋಳದ ಹಿಟ್ಟಿನ ಬಣ್ಣ, ಹಳೇ ಪಂಚೆಯ ಬಣ್ಣ ಇದ್ದವು. ನಾನು ಬರೆದ ಮೊದಲ ಚೀಟಿಯನ್ನು ನಯೀಮ್ ಭಾಯಿ ಹಿಂದಕ್ಕೆ ಕಳಿಸಿದರು. "ಬೇಟಿ, ನಂಬರ್ ಬೇಡ. ಯಾವ ಥರ ಕಾಣ್ಬೇಕು, ಅದು ಬರಿ." ತಿಂಗಳೊಳಗೆ ಕಲಿತೆ. ಆ ಸಾಸಿವೆ ಚುಕ್ಕೆಯ ಹಲ್ಲನ್ನು ಮಾಡಿದ್ದು ರೇಣಕ್ಕ, ಅವಳು ಬಣ್ಣ ಹಚ್ಚಿ ಒರೆಸುವುದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೆ. ಇಂಗ್ಲೆಂಡಿನ ವೈದ್ಯರು ಫೋಟೊ ಕಳಿಸಿ, ಎರಡರಲ್ಲಿ ನಿಮ್ಮದು ಯಾವುದೆಂದು ನನಗೇ ಮರೆತುಹೋಯಿತು ಎಂದು ಬರೆದರು. ಅದನ್ನು ಮೇಲೆ ಹೋಗಿ ಓದಿ ಹೇಳಿದ ದಿನ ಈ ಊರಿನಲ್ಲಿ ನನಗೂ ಒಂದು ಕೆಲಸವಿದೆ ಎನ್ನಿಸಿತು.

ಈ ಕೆಲಸ ನಮಗೆ ಎಲ್ಲಿಂದ ಬಂತು ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ಒಮ್ಮೆ ಇಂಗ್ಲೆಂಡಿನಿಂದ ಅಚ್ಚುಗಳು ಬಂದ ಡಬ್ಬಿಯ ಮೇಲೆ ನಮ್ಮ ವಿಳಾಸದ ಕಾಗದ ಅರ್ಧ ಕಿತ್ತುಬಂದಿತ್ತು. ಅದರಡಿಯಲ್ಲಿ ಇನ್ನೊಂದು ವಿಳಾಸ, ಅದೇ ದೇಶದ ಯಾವುದೋ ಸಣ್ಣ ಊರಿನ ಹಲ್ಲಿನ ಲ್ಯಾಬು. ಅದು ಮುಚ್ಚಿ ಎಷ್ಟೋ ಕಾಲವಾಯಿತು, ನಾವು ಅಗ್ಗಕ್ಕೆ ಮಾಡಿಕೊಟ್ಟದ್ದರಿಂದಲೇ ಮುಚ್ಚಿತು ಎಂದು ನಮ್ಮ ಮಾಲೀಕರಾದ ಪ್ರಭಾಕರ್ ಸರ್ ಹೆಮ್ಮೆಯಿಂದಲೇ ಹೇಳಿದರು. ಊಟಕ್ಕೆ ಕುಳಿತಾಗ ಇದನ್ನು ರೇಣಕ್ಕನಿಗೆ ಹೇಳಿದೆ. ರೊಟ್ಟಿ ಮುರಿಯುವುದನ್ನು ಅವಳು ನಿಲ್ಲಿಸಲಿಲ್ಲ.

"ಅಲ್ಲೂ ಒಬ್ಬಾಕಿ ಕುಂಚ ಹಿಡ್ಕೊಂಡು ಕುಂತಿದ್ದಳೇನೋ. ಈಗ ಏನ್ ಮಾಡ್ಲಾಕತ್ತಾಳೋ ಏನೋ," ಎಂದಳು. ಆಮೇಲೆ, "ಪಲ್ಯ ಹಾಕ್ಕೋ, ಆರಿದ್ರ ಚೊಲೊ ಇರಂಗಿಲ್ಲ," ಎಂದಳು.

ನಮ್ಮ ಸರದಿ ಬಂದದ್ದು ಕಳೆದ ವರ್ಷ. ವಿಯೆಟ್ನಾಮಿನ ಒಂದು ಲ್ಯಾಬು ನಮ್ಮ ಅರ್ಧ ಬೆಲೆಗೆ ಹಲ್ಲು ಕಳಿಸತೊಡಗಿತು. ಅಲ್ಲಿ ಹಲ್ಲನ್ನು ಯಂತ್ರ ಕಡೆಯುತ್ತದೆ, ಕೊನೆಯ ಬಣ್ಣವನ್ನಷ್ಟೇ ಕೈಯಿಂದ ಹಚ್ಚುತ್ತಾರೆ. ನಮ್ಮ ವೈದ್ಯರು ಒಬ್ಬೊಬ್ಬರಾಗಿ ಅತ್ತ ಸರಿದರು. ಪ್ರಭಾಕರ್ ಸರ್ ಹೆದರಲಿಲ್ಲ. ಹೆದರುವ ಬದಲು ಆ ಲ್ಯಾಬಿನವರ ಜೊತೆಯೇ ಮಾತಾಡಿದರು. ಹಲ್ಲನ್ನು ಅವರು ಮಾಡಲಿ, ವೈದ್ಯರ ಜೊತೆ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸ ನಮ್ಮಲ್ಲೇ ಇರಲಿ. ಹಾಗಾದರೆ ಮೇಲಿನ ರೂಮು ಬೇಕಾಗುವುದಿಲ್ಲ.

ಆದರೂ ಒಂದು ಪರೀಕ್ಷೆ ಮಾಡಿ ನೋಡೋಣ ಎಂದರು. ಒಂದೇ ಬಾಯಿಯ ಅಳತೆ ಇಬ್ಬರಿಗೂ ಕೊಡುವುದು, ಎರಡು ಸೆಟ್ಟುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು. ಇಲ್ಲಿಯದು ಗೆದ್ದರೆ ರೂಮು ಉಳಿಯುತ್ತದೆ. ಯಾರ ಬಾಯಿ ಎಂಬ ಪ್ರಶ್ನೆ ಬಂದಾಗ ಅವರು ನನ್ನ ಕಡೆ ನೋಡಿದರು.

"ನೋಡಮ್ಮ, ನಿನ್ನ ಇಂಗ್ಲಿಷ್ ಚೆನ್ನಾಗಿದೆ. ಮುಂದೆ ವಿಡಿಯೊ ಕಾಲ್‌ಗೆ ನಿನ್ನನ್ನೇ ಕೂರ್ಸ್ಬೇಕು ಅಂತಿದ್ದೀನಿ. ಆದ್ರೆ ಹಲ್ಲು ಮಾರೋರ ಹಲ್ಲು ಹಿಂಗಿದ್ರೆ ಹೆಂಗೆ? ಖರ್ಚೆಲ್ಲಾ ನಂದು."

ಯೋಚಿಸಿ ಹೇಳುತ್ತೇನೆ ಎಂದೆ. ಯೋಚಿಸು, ಯೋಚಿಸು, ನಾಳೆ ಹನ್ನೊಂದಕ್ಕೆ ಇಂದಿರಾನಗರದಲ್ಲಿ ಡಾಕ್ಟರ್ ಕಾಯ್ತಿರ್ತಾರೆ ಎಂದು ನಕ್ಕರು.

ರೇಣಕ್ಕ ಆ ಸಂಜೆ ನನ್ನನ್ನು ವಠಾರದ ತಾರಸಿಗೆ ಕರೆದುಕೊಂಡು ಹೋಗಿ, ಬೆಳಕಿಗೆ ಮುಖ ಮಾಡಿ ಕೂರಿಸಿ, ಬಾಯಿ ತೆಗಿ ಎಂದಳು. ಬಹಳ ಹೊತ್ತು ನೋಡಿದಳು. ನಮ್ಮ ಲ್ಯಾಬಿನ ಸೆಟ್ಟು ಮಾಡುವವಳು ಅವಳೇ, ಅದು ಗೆಲ್ಲಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಗೆಲ್ಲದಿದ್ದರೆ ಏನು ಎಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು.

"ನನಗೆ ಬರೂದು ಇದೊಂದೇ ಕೆಲಸ. ಊರಿಗಿ ಹೋದ್ರ ಯಾರಿಗಿ ಹಲ್ಲು ಮಾಡ್ಲಿ? ಹಲ್ಲುದುರಿದ ಅತ್ತಿಗಾ?"

ಇಬ್ಬರೂ ನಕ್ಕೆವು. ನಾನು ಬಾಯಿ ತೆರೆದು ನಕ್ಕದ್ದು ಅದೇ ಕೊನೆ ಇರಬೇಕು, ಆ ಹಲ್ಲುಗಳಿಂದ.

ಇಂದಿರಾನಗರದ ಕ್ಲಿನಿಕ್ಕಿನಲ್ಲಿ ಮೇಲಿನ ಮುಂದಿನ ಆರು ಹಲ್ಲುಗಳ ಮೇಲ್ಮೈಯನ್ನು ತೆಳ್ಳಗೆ ಉಜ್ಜಿ ತೆಗೆದರು. ಅದರ ಮೇಲೆ ಸೆರಾಮಿಕ್ಕಿನ ಉಗುರಿನಂಥ ಚಿಪ್ಪುಗಳನ್ನು ಅಂಟಿಸುತ್ತಾರೆ. ಉಜ್ಜಿದ್ದು ಮತ್ತೆ ಬೆಳೆಯುವುದಿಲ್ಲ ಎಂದು ವೈದ್ಯೆ ಹೇಳಿದ್ದು ಉಜ್ಜಿಯಾದ ಮೇಲೆ. ನನ್ನ ತೆರೆದ ಬಾಯಿಯ ಮೇಲೆ ಅವರೂ ಪ್ರಭಾಕರ್ ಸರ್ ಕೂಡ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. 'ಟಿಪಿಕಲ್' ಎಂದರು, 'ಆ ಕಡೆಯವರೆಲ್ಲ ಹೀಗೇ' ಎಂದರು. ನನಗೆ ಇಂಗ್ಲಿಷ್ ಬರುತ್ತದೆಂಬುದು ಆ ಹೊತ್ತಿಗೆ ಅವರಿಗೆ ಮರೆತಿತ್ತು. ಕೆಳಗಿನ ಸಾಲನ್ನು ಮುಟ್ಟಲಿಲ್ಲ. ಮಾತಾಡುವಾಗ ಅದು ತುಟಿಯ ಹಿಂದೆ ಉಳಿಯುತ್ತದೆ, ಕ್ಯಾಮೆರಾಕ್ಕೆ ಬೀಳುವುದಿಲ್ಲ.

ಎರಡು ಸೆಟ್ಟುಗಳು ಬಂದ ದಿನ ಸೆರಾಮಿಕ್ ರೂಮಿನವರನ್ನೂ ಕ್ಲಿನಿಕ್ಕಿಗೆ ಕರೆದಿದ್ದರು. ನಯೀಮ್ ಭಾಯಿ, ರೇಣಕ್ಕ ಮತ್ತು ಉಳಿದ ಹೆಂಗಸರು ಚಪ್ಪಲಿ ಹೊರಗೆ ಬಿಟ್ಟು ಗೋಡೆಗೆ ಒತ್ತಿ ನಿಂತರು. ಚಪ್ಪಲಿ ಬಿಡಬೇಕಿಲ್ಲವೆಂದು ಯಾರೂ ಅವರಿಗೆ ಹೇಳಲಿಲ್ಲ.

ಮೊದಲು ವಿಯೆಟ್ನಾಮಿನದನ್ನು ಕೂರಿಸಿದರು. ಕನ್ನಡಿಯಲ್ಲಿ ಆರು ಬಿಳಿ ಹಲ್ಲುಗಳಿದ್ದವು, ಸರ್ ಹೇಳಿ ಚೀಟಿಯಲ್ಲಿ ಬರೆಸಿದ್ದ ಬಿಳಿಯೇ. ಬಾಯಿ ಪೂರ್ತಿ ತೆರೆದರೆ ಕೆಳಗಿನ ಸಾಲು ಬೇರೆ ಯಾರದೋ ಎನ್ನಿಸುತ್ತಿತ್ತು. ಆಮೇಲೆ ರೇಣಕ್ಕನದು. ಅವಳು ಚೀಟಿಯಲ್ಲಿದ್ದ ಬಣ್ಣವನ್ನು ಬಿಟ್ಟು, ಕೆಳಗಿನ ಸಾಲಿನ ಕಡೆಗೆ ಅರ್ಧ ಹೆಜ್ಜೆ ಇಳಿಸಿದ್ದಳು. ಒಸಡಿನ ಬಳಿ ಇದೆಯೋ ಇಲ್ಲವೋ ಎಂಬಂಥ ಕಂದು. ಕನ್ನಡಿಯಲ್ಲಿ ನಾನೇ ಇದ್ದೆ, ಒಳ್ಳೆಯ ನೀರು ಕುಡಿದು ಬೆಳೆದಿದ್ದರೆ ಹೇಗಿರುತ್ತಿದ್ದೆನೋ ಹಾಗೆ. ಇಂಗ್ಲೆಂಡಿನವರು ಇಷ್ಟು ವರ್ಷ ಹಣ ಕೊಟ್ಟದ್ದು ಇದಕ್ಕೇ. ಅದು ನನ್ನ ಬಾಯಿಗೂ ನಡೆಯುತ್ತದೆಂದು ಅವಳು ಅಂದುಕೊಂಡಿದ್ದಳು.

"ಇದು ಸರಿಯಾಗಿದೆ ಸರ್," ಎಂದೆ. "ಕೆಳಗಿನದಕ್ಕೆ ಹೊಂದುತ್ತೆ."

ಪ್ರಭಾಕರ್ ಸರ್ ಹತ್ತಿರ ಬಂದು ನೋಡಿದರು. "ಹೊಂದುತ್ತೆ. ನಿನಗೆ ಹೊಂದುತ್ತೆ. ಆದ್ರೆ ಇಷ್ಟೆಲ್ಲಾ ಮಾಡಿ ಮತ್ತೆ ಕಲೆ ಇರೋ ಹಲ್ಲೇ ಹಾಕೋದಾದ್ರೆ ಹಳೇದೇ ಇತ್ತಲ್ಲ." ಆಮೇಲೆ ರೇಣಕ್ಕನ ಕಡೆ ತಿರುಗಿದರು. "ಏನಮ್ಮ, ಚೀಟಿ ಓದೋಕೆ ಬರಲ್ವಾ?"

ನಯೀಮ್ ಭಾಯಿ, "ಸಾಬ್, ಕೆಲ್ಸ ನೋಡಿ," ಎಂದರು. ನೋಡಿದೆ ಎಂದರು ಸರ್. ಬಿಳಿಯದನ್ನು ಅಂಟಿಸಲು ವೈದ್ಯೆಗೆ ಕೈ ಮಾಡಿದರು. ಅಂಟು ಗಟ್ಟಿಯಾಗಲು ನೀಲಿ ದೀಪ ಹಿಡಿಯುತ್ತಾರೆ. ಒಂದೊಂದು ಹಲ್ಲಿಗೂ ದೀಪ ಹಿಡಿಯುವಷ್ಟು ಹೊತ್ತು ಅವರೆಲ್ಲ ನಿಂತೇ ಇದ್ದರು. ಹೋಗಿ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ.

ತಿಂಗಳೊಳಗೆ ಮೇಲಿನ ರೂಮು ಖಾಲಿಯಾಯಿತು. ಕುಲುಮೆಗಳನ್ನು ಹೊಸಕೋಟೆಯ ಯಾರೋ ತೂಕದ ಲೆಕ್ಕದಲ್ಲಿ ಕೊಂಡು ಹೋದರು. ನಯೀಮ್ ಭಾಯಿ ಶಿವಾಜಿನಗರದಲ್ಲಿ ಅಣ್ಣನ ಮಗನ ಮೊಬೈಲ್ ಅಂಗಡಿಯಲ್ಲಿ ಕೂರತೊಡಗಿದರು. ರೇಣಕ್ಕ ಹೊರಮಾವಿನ ಒಂದು ಗೋದಾಮಿಗೆ ಸೇರಿದಳು. ಜನ ಫೋನಿನಲ್ಲಿ ಕೇಳಿದ ಸಾಮಾನನ್ನು ಓಡಾಡಿ ಎತ್ತಿ ಚೀಲಕ್ಕೆ ತುಂಬುವ ಕೆಲಸ. ಸಂಜೆ ಬಂದು ಕಾಲು ಚಾಚಿ ಕೂರುತ್ತಾಳೆ. ಕೂದಲೆಳೆಯ ಕುಂಚ ಹಿಡಿದ ಬೆರಳುಗಳು ರಟ್ಟಿನ ಡಬ್ಬಿಯ ಅಂಚಿಗೆ ತಾಗಿ ಕುಯ್ದುಕೊಂಡಿರುತ್ತವೆ. ಅವಳು ನನ್ನ ಮುಖ ನೋಡದೆ ಮಾತಾಡುವುದನ್ನು ರೂಢಿ ಮಾಡಿಕೊಂಡಳು. ಒಮ್ಮೆ ಮಾತ್ರ, ನಾನು ಏನಕ್ಕೋ ನಕ್ಕಾಗ, "ಚೊಲೊ ಅದಾವ. ಎಲ್ಲಾ ಒಂದೇ ಅಳತಿ. ಬಾತ್‌ರೂಮಿನ ಟೈಲ್ಸ್ ಇದ್ದಂಗ," ಎಂದಳು.

ಅವ್ವನಿಗೆ ವಿಡಿಯೊ ಕರೆ ಮಾಡಿ ತೋರಿಸಿದ್ದೆ. ಅವಳು ಫೋನನ್ನು ದೂರ ಹಿಡಿದಳು, ಹತ್ತಿರ ಹಿಡಿದಳು. "ಬಾಯಿ ಮುಚ್ಚವ್ವಾ," ಎಂದಳು. "ನಿನ್ನ ಮಾರಿಯೊಳಗ ಯಾರೋ ಕುಂತು ಮಾತಾಡಿದಂಗ ಆಗ್ತದ." ಪಂಚಮಿಗೆ ಊರಿಗೆ ಹೋದಾಗ ಓರಗೆಯವರು ನನ್ನೊಡನೆ ಬಾಯಿಗೆ ಸೆರಗು ಹಿಡಿದು ಮಾತಾಡಿದರು. ಹಿಂದೆ ಯಾರೂ ಹಾಗೆ ಮಾಡಿರಲಿಲ್ಲ. ಬೆಂಗಳೂರಿನಲ್ಲಿ ನಾನು ಕಲಿತದ್ದನ್ನು ನನ್ನನ್ನು ನೋಡಿ ಅವರು ಕಲಿತಿದ್ದರು. ಇಲ್ಲಿ ಮಾತ್ರ, ಹೊಸ ಕೋಣೆ ನೋಡಲು ಹೋದರೆ ಈಗ ಒಳಗೆ ಕರೆದು ಕೂರಿಸುತ್ತಾರೆ, ಕಾಫಿ ಕೊಡುತ್ತಾರೆ. ನಾನು ಹೇಳುವ ಮೊದಲೇ, ಮೈಸೂರು ಕಡೆಯವರಾ ಎಂದು ಕೇಳುತ್ತಾರೆ. ಅಲ್ಲ ಎಂದು ಎಲ್ಲ ಸಲವೂ ಹೇಳಿಲ್ಲ.

ಮೊನ್ನೆ ಪ್ರಭಾಕರ್ ಸರ್ ನನ್ನನ್ನು ಕರೆದರು. ವಿಯೆಟ್ನಾಮಿನ ಹಲ್ಲುಗಳು ಚಪ್ಪಟೆಯಾಗಿ ಕಾಣುತ್ತವೆ, ಜೀವವಿಲ್ಲ ಎಂದು ಇಂಗ್ಲೆಂಡಿನ ವೈದ್ಯರು ಒಬ್ಬರಾದ ಮೇಲೊಬ್ಬರು ವಾಪಸು ಕಳಿಸುತ್ತಿದ್ದರು. ಸರ್ ಮೇಜಿನ ಡ್ರಾಯರಿನಿಂದ ಒಂದು ಪುಟ್ಟ ಪೊಟ್ಟಣ ತೆಗೆದರು. ರೇಣಕ್ಕ ನನಗಾಗಿ ಮಾಡಿದ ಸೆಟ್ಟು. ಇದನ್ನು ಹೇಗೆ ಮಾಡಿದಳೆಂದು ಅಲ್ಲಿಯವರಿಗೆ ವಿಡಿಯೊ ಕಾಲ್‌ನಲ್ಲಿ ಹೇಳಿಕೊಡು ಎಂದರು. ನೀನು ಅವಳ ಜೊತೆಯಲ್ಲೇ ಇರುವವಳಲ್ಲವೇ, ಗೊತ್ತೇ ಇರುತ್ತೆ.

ರೇಣಕ್ಕನನ್ನೇ ವಾಪಸು ಕರೆಸಿ ಎಂದೆ. ಒಬ್ಬಳಿಗೋಸ್ಕರ ಮತ್ತೆ ಕುಲುಮೆ ಕೊಳ್ಳೋಕಾಗಲ್ಲ ಎಂದರು. ಹೇಳಿಕೊಡಲು ಅವಳು ಸಾಕಲ್ಲ, ಕುಲುಮೆ ಯಾಕೆ ಎಂದೆ. ಅವಳು ಇಂಗ್ಲಿಷ್ ಮಾತಾಡ್ತಾಳಾ ಎಂದರು. ಆಮೇಲೆ, ನಿನಗೂ ಆಗಲ್ಲ ಅಂದ್ರೆ ಹೇಳಿಬಿಡು, ನಿನ್ನ ಜಾಗಕ್ಕೆ ಇಂಗ್ಲಿಷ್ ಬರೋರು ಬೇರೆ ಸಿಗ್ತಾರೆ ಎಂದರು.

ಸಂಜೆ ಕೋಣೆಯಲ್ಲಿ ಎಲ್ಲವನ್ನೂ ರೇಣಕ್ಕನಿಗೆ ಹೇಳಿದೆ. ಅವಳು ಎಷ್ಟೋ ತಿಂಗಳ ನಂತರ ನನ್ನ ಮುಖ ನೋಡಿದಳು. ಕೈಯಲ್ಲಿದ್ದ ಅಕ್ಕಿಯ ತಟ್ಟೆಯನ್ನು ಕೆಳಗಿಟ್ಟಳು.

"ವಾಪಸ್ ಬರ್ಲಾಕತ್ತಾವ? ಖರೇನೇ?"

ಹೂಂ ಎಂದೆ.

"ಹಂಗಾದ್ರ ಹೇಳಬ್ಯಾಡ ತಂಗಿ. ಗೊತ್ತಿಲ್ಲ ಅನ್ನು. ಅವರಿಗಿ ಬರಂಗಿಲ್ಲ, ನಿನಗೂ ಬರಂಗಿಲ್ಲ ಅಂದ್ರ ನನ್ನ ಕರೀಲೇಬೇಕಲ್ಲ. ಇನ್ನ ಎಷ್ಟ್ ದಿನ ತಡೀತಾನ?"

ನಾನು ಸುಮ್ಮನಿದ್ದೆ. ಅವಳು ಅದನ್ನು ಒಪ್ಪಿಗೆ ಎಂದುಕೊಂಡಳು. ಅಂದು ಅವಳೇ ಹಿಟ್ಟು ನಾದಿ ರೊಟ್ಟಿ ಬಡಿದಳು. ಕುಲುಮೆಗಳನ್ನು ಮಾರಿದವನು ಮತ್ತೆ ಕೊಳ್ಳಬೇಕಾಗುತ್ತದೆ ಎಂದು ಹೇಳಿ ನಕ್ಕಳು. ನಯೀಮ್ ಭಾಯಿಗೆ ಫೋನು ಹಚ್ಚಿ, ಅಂಗಡಿಯಲ್ಲಿ ಬೇರು ಬಿಡಬೇಡಿ ಸಾಬ್, ಸ್ವಲ್ಪ ದಿನ ಅಷ್ಟೇ ಎಂದಳು. ನನ್ನ ತಟ್ಟೆಗೆ ಮೊದಲು ಬಡಿಸಿದಳು.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಹೊರಟೆ. ಲ್ಯಾಬಿನಲ್ಲಿ ಕ್ಯಾಮೆರಾದ ಎತ್ತರ ಸರಿಮಾಡಿಕೊಂಡು ಕುಳಿತೆ. ಅತ್ತ ಕಡೆ ನನ್ನದೇ ವಯಸ್ಸಿನ ಹುಡುಗಿ, ತಲೆಗೆ ನೀಲಿ ಟೊಪ್ಪಿಗೆ, ಕೈಯಲ್ಲಿ ಕುಂಚ. ನಾನು ಇಂಗ್ಲಿಷಿನಲ್ಲಿ, ಅವಳಿಗೆ ಅರ್ಥವಾಗುವಷ್ಟು ಸರಳವಾಗಿ, ಹೇಳಿದೆ: ಬಣ್ಣವನ್ನು ಕೊನೆಯ ಪದರದ ಮೇಲೆ ಹಚ್ಚಬಾರದು, ಅದರ ಕೆಳಗೆ ಹಚ್ಚಬೇಕು. ಹಚ್ಚಿದ ಮೇಲೆ ಒಣ ಕುಂಚದಿಂದ ಹೆಚ್ಚುಕಡಿಮೆ ಎಲ್ಲವನ್ನೂ ಒರೆಸಿ ತೆಗೆಯಬೇಕು. ಉಳಿದದ್ದನ್ನು ಸುಡಬೇಕು, ಆಮೇಲೆ ಮುಚ್ಚಬೇಕು. ಅವಳು ಬರೆದುಕೊಂಡಳು. ಒರೆಸುವುದು ಅರ್ಥವಾಗಲಿಲ್ಲ, ದಯವಿಟ್ಟು ಇನ್ನೊಮ್ಮೆ ಎಂದಳು. ಒಂದು ಒಣ ಕುಂಚ ಕೈಗೆತ್ತಿಕೊಂಡು, ನಿಧಾನವಾಗಿ, ಇನ್ನೊಮ್ಮೆ ತೋರಿಸಿದೆ.